ಮೈಲುತುತ್ತವೂ ಸುಣ್ಣವೂ

ಮಲೆನಾಡಿನ ಅಡಿಕೆ ಬೆಳೆಗಾರನಿಗೆ ಮುಂಗಾರು ವರವೂ ಹೌದು, ಭಯವೂ ಹೌದು. ಎಡೆಬಿಡದೆ ಸುರಿಯುವ ಮಳೆಯಲ್ಲಿ ಕೊಳೆರೋಗ ತಗಲಿತೆಂದರೆ ಎಳೆಯ ಕಾಯಿಗಳು ಕೊಳೆತು ಉದುರಿ, ವರ್ಷದ ದುಡಿಮೆಯೆಲ್ಲ ಮರದ ಬುಡದಲ್ಲಿ ಮಣ್ಣುಪಾಲಾಗುತ್ತದೆ. ಹಿಂದಿನವರು ಕೊನೆಗಳಿಗೆ ಕೊಟ್ಟೆ ಕಟ್ಟಿ, ಮಳೆನೀರು ತಾಗದಂತೆ ಕಾಯುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿಯನ್ನು ಪ್ರಕಟಿಸಿದರು. ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಅದು 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ ಹುಟ್ಟಿದ ಔಷಧ.

ಅದಕ್ಕೆ ಬೇಕಾದುದು ಮೂರೇ ವಸ್ತುಗಳು. 100 ಲೀಟರ್ ನೀರು, 1 ಕಿಲೋಗ್ರಾಂ ಮೈಲುತುತ್ತ, 1 ಕಿಲೋಗ್ರಾಂ ಸುಣ್ಣ. ಆದರೂ ರಸಾಯನಶಾಸ್ತ್ರದ ಪಾಠಗಳಲ್ಲಿ ಹೇಳುವ ನಾಲ್ಕು ಬಗೆಯ ಕ್ರಿಯೆಗಳನ್ನೂ ಈ ಒಂದು ಔಷಧದಲ್ಲಿ ಕಾಣಬಹುದು.

ಸುಣ್ಣದ ಕಥೆ ಗೂಡಿನಲ್ಲಿ ಆರಂಭವಾಗುತ್ತದೆ. ಅಲ್ಲಿ ಸುಣ್ಣಕಲ್ಲನ್ನಾಗಲಿ, ಕರಾವಳಿಯವರಂತೆ ಕಪ್ಪೆಚಿಪ್ಪನ್ನಾಗಲಿ ಸುಟ್ಟಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಒಂದು ವಸ್ತು ಒಡೆದು ಎರಡಾಗುತ್ತದೆ. ಶುದ್ಧವಾದ 100 ಕಿಲೋಗ್ರಾಂ ಕಲ್ಲಿನಿಂದ 56 ಕಿಲೋಗ್ರಾಂ ಸುಟ್ಟ ಸುಣ್ಣ ಉಳಿದು, 44 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಇದು ವಿಭಜನೆ. ಸುಟ್ಟ ಸುಣ್ಣಕ್ಕೆ ನೀರು ಹನಿಸಿದರೆ ಅದು ಬುಸುಗುಟ್ಟುತ್ತ ಅರಳಿ, ನೀರೇ ಕುದಿಯುವಷ್ಟು ಶಾಖವನ್ನು ಬಿಡುತ್ತದೆ. ಇಲ್ಲಿ ಎರಡು ವಸ್ತುಗಳು ಕೂಡಿ ಅರಳಿದ ಸುಣ್ಣವೆಂಬ ಒಂದೇ ವಸ್ತುವಾಗುತ್ತವೆ. ಇದು ಸಂಯೋಗ.

ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಅದನ್ನು ಅರ್ಧ ನೀರಿನಲ್ಲಿ ಕರಗಿಸಿ, ಉಳಿದರ್ಧದಲ್ಲಿ ಕದಡಿದ ಸುಣ್ಣಕ್ಕೆ ಕಲಕುತ್ತ ಸುರಿಯಬೇಕು. ಆಗ ತಾಮ್ರವೂ ಕ್ಯಾಲ್ಸಿಯಮ್ಮೂ ತಮ್ಮ ಜೊತೆಗಾರರನ್ನು ಅದಲುಬದಲು ಮಾಡಿಕೊಳ್ಳುತ್ತವೆ. ತಾಮ್ರವು ನೀರಿನಲ್ಲಿ ಕರಗದ ತಿಳಿನೀಲಿ ಹೈಡ್ರಾಕ್ಸೈಡ್ ಆಗಿ ಕಾಯಿಗಳಿಗೆ ಅಂಟಿಕೊಂಡು, ಮಳೆಗೆ ಬೇಗನೆ ತೊಳೆದುಹೋಗದೆ ರೋಗಾಣುವನ್ನು ತಡೆಯುತ್ತದೆ. ಇದು ದ್ವಿಸ್ಥಾನಪಲ್ಲಟ. ಪಾತ್ರೆಯಲ್ಲಿ ನಿಜವಾಗಿ ನಡೆಯುವುದು ಇದಕ್ಕಿಂತ ತೊಡಕಿನದು. ಪುಸ್ತಕದ ಸಮೀಕರಣ ಅದರ ಸ್ಥೂಲ ರೂಪ ಮಾತ್ರ.

ತೋಟದಲ್ಲಿ ನಿಂತವನ ಪ್ರಶ್ನೆಯಾದರೋ ಬೇರೆ: ಸುಣ್ಣ ಸಾಕಾಯಿತೇ? ಸಾಲದಿದ್ದರೆ ಕರಗಿದ ತಾಮ್ರ ಹಾಗೆಯೇ ಉಳಿದು, ಕಾಪಾಡಬೇಕಾದ ಎಳೆಗಾಯಿಗಳನ್ನೇ ಸುಟ್ಟೀತು. ಬೆಳೆಗಾರನು ಉಜ್ಜಿ ಹೊಳಪಿಸಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ಕೊಂಚ ಹೊತ್ತು ಹಿಡಿಯುತ್ತಾನೆ. ಅಲಗು ಕೆಂಪೇರಿದರೆ ಅದು ಅಪಾಯದ ಸೂಚನೆ. ಕಬ್ಬಿಣವು ತಾಮ್ರಕ್ಕಿಂತ ಪಟುವಾದ ಲೋಹ. ಅದು ಸಲ್ಫೇಟಿನಿಂದ ತಾಮ್ರವನ್ನು ಹೊರದೂಡಿ ಅದರ ಜಾಗದಲ್ಲಿ ತಾನು ಕೂರುತ್ತದೆ. ಹೊರಬಿದ್ದ ತಾಮ್ರವೇ ಅಲಗಿನ ಮೇಲಿನ ಕೆಂಪು. ಸ್ಥಾನಪಲ್ಲಟವೆಂದರೆ ಇದೇ. ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದೆಂಬ ಕಟ್ಟಳೆಗೂ ಇದೇ ಕಾರಣ.

ತೂಕ ಸರಿಯಾಗಿದ್ದೂ ಅಲಗು ಕೆಂಪಾಗುವುದುಂಟು. ಆಗ ದೋಷ ತಕ್ಕಡಿಯದಲ್ಲ, ಸುಣ್ಣದ ಮೂಟೆಯದು. ಬಹುದಿನ ಬಾಯಿ ತೆರೆದಿಟ್ಟ ಸುಣ್ಣವು, ಗೂಡಿನಲ್ಲಿ ಬಿಟ್ಟುಕೊಟ್ಟಿದ್ದ ಇಂಗಾಲದ ಡೈ ಆಕ್ಸೈಡನ್ನು ಗಾಳಿಯಿಂದ ಮರಳಿ ಪಡೆದು ಮತ್ತೆ ಸುಣ್ಣಕಲ್ಲಿನ ವಸ್ತುವೇ ಆಗಿರುತ್ತದೆ. ಅರಳಿದ ಸುಣ್ಣದಲ್ಲಿ ಹೀಗಾಗುವಾಗ ನೀರು ಹೊರಬೀಳುವುದರಿಂದ ಇದನ್ನು ಬರಿಯ ಸಂಯೋಗವೆನ್ನಲಾಗದು. ನಾಲ್ಕರಲ್ಲಿ ಯಾವ ಪಂಗಡಕ್ಕೂ ಇದು ನೆಟ್ಟಗೆ ಒಗ್ಗದು. ಪಂಗಡಗಳನ್ನು ಮಾಡಿದವರು ಮನುಷ್ಯರು. ಸುಣ್ಣ ಅವನ್ನು ಓದಿಕೊಂಡಿಲ್ಲ.

ಬೆಳೆಗಾರ ಹೊಸ ಸುಣ್ಣವನ್ನು ತರಿಸಿ, ನೀರಿನಲ್ಲಿ ಕದಡಿ ಸೋಸಿ, ತುಸುತುಸುವೇ ಬೆರೆಸುತ್ತಾನೆ. ಕತ್ತಿಯನ್ನು ಉಜ್ಜಿ ಮತ್ತೆ ಅದ್ದುತ್ತಾನೆ. ಈ ಸಲ ಅಲಗು ಬಣ್ಣಗೆಡದೆ ಮೇಲೆ ಬರುತ್ತದೆ. ಅಷ್ಟು ಹೊತ್ತು ಕಾದು ನಿಂತಿದ್ದ ಕೊನೆಗಾರ ಮರವನ್ನು ಏರತೊಡಗುತ್ತಾನೆ.