ರೇಷ್ಮೆಮೊಟ್ಟೆಯ ಚಳಿಗಾಲದ ನಿದ್ರೆ

ಕೆಲವು ವರ್ಷಗಳ ಹಿಂದೆ ಪ್ರಾಣಿಶಾಸ್ತ್ರದ ಪಾಠಕ್ಕೆಂದು ರೇಷ್ಮೆಹುಳುವಿನ ಮೊಟ್ಟೆಗಳಿದ್ದ ಎರಡು ಹಾಳೆಗಳನ್ನು ತರಗತಿಗೆ ತರಿಸಿದ್ದೆನು. ಒಂದು ನಮ್ಮ ಮೈಸೂರು ತಳಿಯದು, ಮತ್ತೊಂದು ಚಳಿದೇಶದ ತಳಿಯದು. ಮೊದಲನೆಯದರಲ್ಲಿ ಹತ್ತನೆಯ ದಿನಕ್ಕೆ ಇರುವೆಗಳಂತಹ ಕರಿಯ ಮರಿಗಳು ಹರಿದಾಡಿದುವು. ಎರಡನೆಯದರಲ್ಲಿ ಒಂದೂ ಹೊರಡಲಿಲ್ಲ. ಒಂದು ತಿಂಗಳು ಕಾದು, ಸತ್ತುಹೋದುವೆಂದು ತಿಳಿದು, ಆ ಹಾಳೆಯನ್ನು ಒಲೆಗೆ ಹಾಕಿಸಿದೆನು. ಆಗ ಹಿಂದಿನ ಬೆಂಚಿನಿಂದ, ಹುಳು ಸಾಕುವವರ ಮನೆಯ ಹುಡುಗಿಯೊಬ್ಬಳು, "ಅಮ್ಮನವರೇ, ಅವು ಸತ್ತಿರಲಿಲ್ಲ, ಮಲಗಿದ್ದುವು" ಎಂದಳು.

ಅವಳ ಮಾತೇ ನಿಜ. ಅದರ ಕಾರಣವನ್ನು ಇಲ್ಲಿ ವಿವರಿಸುವೆನು.

ರೇಷ್ಮೆಹುಳು ನಮ್ಮ ನಾಡಿನ ಜೀವಿಯಲ್ಲ. ಅದರ ತವರು ಚೀನಾ ದೇಶ. ಸಾವಿರಾರು ವರ್ಷ ಮನುಷ್ಯನ ಕೈಯಲ್ಲಿ ಬೆಳೆದು ಅದು ಕಾಡಿನ ಬಾಳನ್ನು ಮರೆತಿದೆ. ಪತಂಗಕ್ಕೆ ರೆಕ್ಕೆಗಳಿದ್ದರೂ ಹಾರಲಾರದು. ಹುಳುವಿಗೆ ಹಿಪ್ಪುನೇರಳೆಯ ಸೊಪ್ಪೇ ಆಹಾರ. ಚೀನಾ, ಜಪಾನುಗಳ ಚಳಿಪ್ರದೇಶಗಳಲ್ಲಿ ಚಳಿಗಾಲ ಬಂದೊಡನೆ ಆ ಮರವು ಎಲೆ ಉದುರಿಸಿ ಬರಿದಾಗುವುದು. ಆಗ ಮರಿ ಹೊರಬಿದ್ದರೆ ಹಸಿವಿನಿಂದ ಸಾಯುವುದೇ ಗತಿ. ಆದುದರಿಂದ ಅಲ್ಲಿಯ ತಳಿಗಳು ಮೊಟ್ಟೆಯ ರೂಪದಲ್ಲಿಯೇ ಚಳಿಗಾಲವನ್ನು ದಾಟುತ್ತವೆ.

ಅದು ಹೇಗೆಂದರೆ: ಇಟ್ಟಾಗ ಹಳದಿಯಾಗಿದ್ದ ಮೊಟ್ಟೆ ಎರಡು ಮೂರು ದಿನಗಳಲ್ಲಿ ಕಂದಾಗಿ, ಬಳಿಕ ಬೂದುಬಣ್ಣವನ್ನು ತಾಳುತ್ತದೆ. ಒಳಗಿನ ಪಿಂಡವು ಸ್ವಲ್ಪ ಬೆಳೆದು ನಿಂತುಬಿಡುತ್ತದೆ. ತಾಯಿ ತುಂಬಿಟ್ಟ ಗ್ಲೈಕೋಜನ್ ಎಂಬ ಆಹಾರವು ಸಾರ್ಬಿಟಾಲ್, ಗ್ಲಿಸರಿನ್ ಎಂಬ ಸಿಹಿದ್ರವ್ಯಗಳಾಗಿ ಮಾರ್ಪಡುತ್ತದೆ. ಸಕ್ಕರೆ ಕರಗಿದ ನೀರು ಹೆಪ್ಪುಗಟ್ಟಲು ಬರಿಯ ನೀರಿಗಿಂತ ಹೆಚ್ಚು ಚಳಿ ಬೇಕಷ್ಟೆ. ಅಂತೆಯೇ ಈ ದ್ರವ್ಯಗಳು ಮೊಟ್ಟೆಯ ರಸವನ್ನು ಹೆಪ್ಪುಗಟ್ಟದಂತೆ ಕಾಯುತ್ತವೆ. ಈ ಮಾರ್ಪಾಟನ್ನು ಜಪಾನಿನ ವಿಜ್ಞಾನಿ ಚಿನೋ ಎಂಬವರು 1950ರ ದಶಕದಲ್ಲಿ ತೋರಿಸಿಕೊಟ್ಟರು.

ಇದಕ್ಕಿಂತಲೂ ಆಶ್ಚರ್ಯವೇನೆಂದರೆ, ಚಳಿಯು ಆ ಮೊಟ್ಟೆಗೆ ಬರಿಯ ಶತ್ರುವಲ್ಲ. ಸುಮಾರು 5 ಡಿಗ್ರಿ ಸೆಂಟಿಗ್ರೇಡಿನ ತಂಪಿನಲ್ಲಿ ಎರಡು ಮೂರು ತಿಂಗಳು ಕಳೆದ ಹೊರತು ಅದರ ನಿದ್ರೆ ಸರಿಯಾಗಿ ತಿಳಿಯದು. ಸದಾ ಬೆಚ್ಚಗಿಟ್ಟರೆ ಏಳದೆ ಸೊರಗುವುದು. ಚಳಿಯನ್ನು ಕಂಡ ಮೊಟ್ಟೆಗೆ ಬಳಿಕ 25 ಡಿಗ್ರಿಯ ಶಾಖ ದೊರೆತರೆ, ಹತ್ತು ಹನ್ನೆರಡು ದಿನಗಳಲ್ಲಿ ಮರಿ ಹೊರಡುವುದು.

ಈ ನಿದ್ರೆಯನ್ನು ನಿರ್ಣಯಿಸುವವಳು ತಾಯಿ. ವರ್ಷಕ್ಕೆ ಎರಡು ಪೀಳಿಗೆ ಕಾಣುವ ದ್ವಿತಳಿಯಲ್ಲಿ, ತಾಯಿಯು ತಾನು ಮೊಟ್ಟೆಯೊಳಗಿದ್ದಾಗ 25 ಡಿಗ್ರಿಯ ಶಾಖವನ್ನೂ ಬೆಳಕನ್ನೂ ಅನುಭವಿಸಿದ್ದರೆ ಮಲಗುವ ಮೊಟ್ಟೆಗಳನ್ನಿಡುವಳು. 15 ಡಿಗ್ರಿಯ ತಂಪನ್ನೂ ಕತ್ತಲೆಯನ್ನೂ ಅನುಭವಿಸಿದ್ದರೆ ಬೇಗನೆ ಒಡೆಯುವ ಮೊಟ್ಟೆಗಳನ್ನಿಡುವಳು. ಬೇಸಗೆಯನ್ನು ಕಂಡವಳ ಮಕ್ಕಳಿಗೆ ಮುಂದೆ ಚಳಿಗಾಲವಿದೆ. ವಸಂತದ ತಂಪನ್ನು ಕಂಡವಳ ಮಕ್ಕಳಿಗೆ ಬೇಸಗೆಯಿದೆ. ಅವಳು ಗೂಡಿನೊಳಗೆ ಕೋಶವಾಗಿರುವಾಗ ತಲೆಯ ಒಂದು ನರಗಂಟಿನಿಂದ ಹೊರಡುವ ಹಾರ್ಮೋನೇ ಮೊಟ್ಟೆಗಳಿಗೆ ಮಲಗುವಂತೆ ಅಪ್ಪಣೆ ಕೊಡುವುದು.

ನಮ್ಮಲ್ಲಿ ಹಿಪ್ಪುನೇರಳೆ ವರ್ಷವಿಡೀ ಚಿಗುರುವುದರಿಂದ ಮೈಸೂರು ತಳಿಗೆ ಈ ನಿದ್ರೆ ಬೇಕಿಲ್ಲ. ಮೈಸೂರು ಹೆಣ್ಣಿಗೆ ದ್ವಿತಳಿಯ ಗಂಡನ್ನು ಕೂಡಿಸಿದರೂ, ಮೊಟ್ಟೆಗಳು ತಾಯಿಯ ರೀತಿಯನ್ನೇ ಅನುಸರಿಸಿ ಹತ್ತು ದಿನಗಳಲ್ಲಿ ಒಡೆಯುತ್ತವೆ. ಮಲಗುವ ದ್ವಿತಳಿ ಮೊಟ್ಟೆಗಳಿಗಾದರೋ ಶೀತಗೃಹದಲ್ಲಿ ಚಳಿಗಾಲವನ್ನು ಕಲ್ಪಿಸಿಕೊಡುತ್ತಾರೆ. ಇಲ್ಲವೆ ಇಟ್ಟ ಸುಮಾರು 20 ಗಂಟೆಗಳ ಮೇಲೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದ್ದಿ ನಿದ್ರೆಯನ್ನೇ ತಪ್ಪಿಸುತ್ತಾರೆ.

ಇದನ್ನೆಲ್ಲ ನಾನು ಓದಿ ತಿಳಿದುಕೊಂಡುದು ಹಾಳೆ ಸುಟ್ಟ ಮೇಲೆ. ಆ ಹುಡುಗಿಯ ಪ್ರಗತಿಪತ್ರದಲ್ಲಿ ಅದೇ ವಾರ ನಾನು "ಮಂದಬುದ್ಧಿ" ಎಂದು ಬರೆದಿದ್ದೆನು. ಪತ್ರವು ಇನ್ನೂ ಅವಳ ಮನೆಗೆ ಹೋಗಿರಲಿಲ್ಲ. ಆ ಸಂಜೆ ಬೇರೊಂದು ಪತ್ರವನ್ನು ತೆಗೆದುಕೊಂಡು ಹೊಸದಾಗಿ ಬರೆದೆನು. ಹಳೆಯ ವಿದ್ಯಾರ್ಥಿನಿಯರೇ, ತಾಯಿತಂದೆಗಳೇ, ಅಂದಿನಿಂದ ಆ ಮಾತನ್ನು ನಾನು ಯಾವ ಮಗುವಿನ ಪತ್ರದಲ್ಲಿಯೂ ಬರೆದಿಲ್ಲ.