ಹಲ್ಲಿನ ಡಾಕ್ಟರ ಕೈಯಲ್ಲಿ ನಮ್ಮ ಲೇಸರ್ ಪಾಠ

ಫಸ್ಟ್ ಇಯರ್ ಫಿಸಿಕ್ಸ್‌ನಲ್ಲಿ ಪಾಪ್ಯುಲೇಶನ್ ಇನ್ವರ್ಶನ್, ಮೆಟಾಸ್ಟೇಬಲ್ ಸ್ಟೇಟ್ ಅಂತ ನಾವೆಲ್ಲ ಲೇಸರ್ ಓದಿದ್ದೇವೆ, ಪರೀಕ್ಷೆ ಮುಗಿದ ಮೇಲೆ ಮರೆತೂ ಇದ್ದೇವೆ. ಅದೇ ಲೇಸರ್ ಬಾಯೊಳಗಿನ ಸಿಸ್ಟ್‌ಗೆ ಹೇಗೆ ಚಿಕಿತ್ಸೆ ಆಗುತ್ತೆ ಅಂತ ಈ ಸಲ ನೋಡೋಣ.

ಸಿಸ್ಟ್ ಅಂದರೆ ದ್ರವ ತುಂಬಿದ ಚೀಲ. ಹುಳುಕು ಹಲ್ಲನ್ನು ಹಾಗೇ ಬಿಟ್ಟರೆ ಒಳಗಿನ ನರ ಸಾಯುತ್ತೆ, ಬೇರಿನ ತುದಿಯಲ್ಲಿ ಸೋಂಕು ಉಳಿದು ಕೆಲವೊಮ್ಮೆ ಸಿಸ್ಟ್ ಬೆಳೆಯುತ್ತೆ. ಇದು ರಾಡಿಕ್ಯುಲರ್ ಸಿಸ್ಟ್. ನೋವೇ ಇಲ್ಲದೆ ದವಡೆಯ ಮೂಳೆಯನ್ನು ಕರಗಿಸುವುದರಿಂದ ಎಷ್ಟೋ ಸಲ ಎಕ್ಸ್‌ರೇ ತೆಗೆದಾಗಲೇ ಗೊತ್ತಾಗೋದು. ಕೆಳತುಟಿ ಕಚ್ಚಿಕೊಂಡು ಜೊಲ್ಲಿನ ನಾಳ ಒಡೆದರೆ ಬರುವ ಗುಳ್ಳೆ ಮ್ಯೂಕೋಸೀಲ್. ಇದು ನಮ್ಮ ವಯಸ್ಸಿನವರಲ್ಲಿ ಸಾಮಾನ್ಯ.

ಬೆಳಕು ಕತ್ತರಿಸಬೇಕಾದರೆ ಅಂಗಾಂಶ ಅದನ್ನು ಹೀರಿಕೊಳ್ಳಬೇಕು. ಯಾವುದು ಹೀರುತ್ತೆ ಅನ್ನೋದನ್ನು ತರಂಗಾಂತರ ನಿರ್ಧರಿಸುತ್ತೆ.

ಡಯೋಡ್ ಲೇಸರ್ (810ರಿಂದ 980 ನ್ಯಾನೋಮೀಟರ್): ಹಿಮೋಗ್ಲೋಬಿನ್, ಮೆಲನಿನ್ ಹೀರುತ್ತವೆ. ತುಟಿಯ ಗುಳ್ಳೆ ತೆಗೆಯುವಾಗಲೇ ಸಣ್ಣ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ರಕ್ತ ಕಡಿಮೆ, ಹೊಲಿಗೆ ಸಾಮಾನ್ಯವಾಗಿ ಬೇಡ.

ಕಾರ್ಬನ್ ಡೈಆಕ್ಸೈಡ್ ಲೇಸರ್ (10,600 ನ್ಯಾನೋಮೀಟರ್): ನೀರು ಹೀರುತ್ತೆ, ಮೃದು ಅಂಗಾಂಶ ಆವಿಯಾಗುತ್ತೆ. 1964ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಇದನ್ನು ಕಂಡುಹಿಡಿದವರು ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್.

ಅರ್ಬಿಯಂ ಯಾಗ್ ಲೇಸರ್ (2,940 ನ್ಯಾನೋಮೀಟರ್): ನೀರು ಅತಿ ಹೆಚ್ಚು ಹೀರುವ ಜಾಗ ಇದೇ. ಮೂಳೆಯೊಳಗಿನ ನೀರು ಥಟ್ಟನೆ ಆವಿಯಾಗಿ ಮೂಳೆಯ ಕಣಗಳು ಸಿಡಿಯುತ್ತವೆ. ಸಿಸ್ಟ್ ತಲುಪಲು ಮೂಳೆಯಲ್ಲಿ ಕಿಟಕಿ ತೆರೆಯೋದು ಹೀಗೆ. ಜೊತೆಗೆ ನೀರಿನ ಸ್ಪ್ರೇ ಬೇಕೇಬೇಕು, ಯಾಕಂದ್ರೆ 47 ಡಿಗ್ರಿ ಸೆಲ್ಸಿಯಸ್ ಬಿಸಿ ಒಂದು ನಿಮಿಷ ನಿಂತರೂ ಮೂಳೆಗೆ ಹಾನಿ.

ಹಾಗಾದರೆ ಸಿಸ್ಟನ್ನೇ ಸುಟ್ಟುಬಿಡಬಹುದಲ್ವಾ? ಬೇಡ. ದವಡೆಯ ಸಿಸ್ಟ್‌ನ ಗೋಡೆಯನ್ನು ಬಿಡಿಸಿ ತೆಗೆದು ಪೆಥಾಲಜಿಗೆ ಕಳಿಸಬೇಕು. ಓಡಾಂಟೊಜೆನಿಕ್ ಕೆರಟೊಸಿಸ್ಟ್ ಅನ್ನೋದು ಎಕ್ಸ್‌ರೇಯಲ್ಲಿ ಮಾಮೂಲಿ ಸಿಸ್ಟ್ ತರಹವೇ ಕಾಣಬಹುದು, ಆದರೆ ಮತ್ತೆ ಮತ್ತೆ ಬೆಳೆಯುವ ಸ್ವಭಾವ ಅದರದ್ದು. ಎಲ್ಲಾ ಸುಟ್ಟರೆ ಯಾವುದಿತ್ತು ಅಂತ ಹೇಳೋಕೆ ಸಾಕ್ಷಿಯೇ ಉಳಿಯಲ್ಲ. ಸತ್ತ ಹಲ್ಲಿಗೆ ರೂಟ್ ಕೆನಾಲ್ ಮಾಡಬೇಕು, ಇಲ್ಲವೇ ಕೀಳಬೇಕು. ಸಣ್ಣ ಸಿಸ್ಟ್ ಎಷ್ಟೋ ಸಲ ರೂಟ್ ಕೆನಾಲ್‌ನಿಂದಲೇ ವಾಸಿಯಾಗುತ್ತೆ.

ನಮ್ಮ ಮೈಸೂರಿನಲ್ಲೇ 1986ರಿಂದ ಜೆಎಸ್‌ಎಸ್ ದಂತ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಇದೆ. ತುಟಿಯಲ್ಲೋ ವಸಡಿನಲ್ಲೋ ಎರಡು ವಾರ ದಾಟಿದ ಊತ ಇದ್ದರೆ, ನೋವಿಲ್ಲ ಅಂತ ಸುಮ್ಮನಿರದೆ ತೋರಿಸೋಣ. ಲೇಸರ್ ಅಂದರೆ ಎರಡು ಪ್ರಶ್ನೆ ಕೇಳೋಣ: ಯಾವ ಲೇಸರ್? ತೆಗೆದ ಭಾಗವನ್ನು ಪರೀಕ್ಷೆಗೆ ಕಳಿಸ್ತೀರಾ?