ವಾಪಸ್ ಹೋಗಲಾರದವರ ಕೈ ಹಿಡಿಯಲು ಒಂಬತ್ತು ಸೂತ್ರಗಳು

ಮೈಸೂರಿನ ರಾಮಕೃಷ್ಣನಗರ, ಕುವೆಂಪುನಗರ, ಸರಸ್ವತಿಪುರಂ ಕಡೆ ಮಹಡಿ ಮನೆಯನ್ನು ವಿದೇಶಿ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟವರು ಈ ಬರಹವನ್ನು ಓದಲೇಬೇಕು. 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ವಶವಾದಾಗ ಮೈಸೂರಿನಲ್ಲಿ ಓದುತ್ತಿದ್ದ ಅಫ್ಘನ್ ವಿದ್ಯಾರ್ಥಿಗಳ ಮುಂದೆ ದೊಡ್ಡ ಪ್ರಶ್ನೆ ಬಂದು ನಿಂತಿತು. ವೀಸಾ ಮುಗಿದರೆ ಹೋಗುವುದೆಲ್ಲಿಗೆ? ಅಂಥವರು ಸಿಕ್ಕಿಬಿದ್ದರೆ ಕೊನೆಗೆ ತಲುಪುವ ಜಾಗ ನೆಲಮಂಗಲ ತಾಲ್ಲೂಕಿನ ಸೊಂಡೆಕೊಪ್ಪ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಆಗಿದ್ದ ಅಲ್ಲಿನ ಕಟ್ಟಡ ಈಗ ವಿದೇಶೀಯರ ಬಂಧನ ಕೇಂದ್ರ. ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ, ನಿರಾಶ್ರಿತರಿಗೆಂದೇ ಇಲ್ಲಿ ಪ್ರತ್ಯೇಕ ಕಾನೂನೂ ಇಲ್ಲ. ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ.

1. ಎಲ್ಲಿದ್ದಾರೆ, ಪತ್ತೆ ಮಾಡಿ. ಠಾಣೆಯಲ್ಲೋ, ಕೇಂದ್ರ ಕಾರಾಗೃಹದಲ್ಲೋ, ಸೊಂಡೆಕೊಪ್ಪದಲ್ಲೋ? ಮೂರಕ್ಕೂ ಅರ್ಜಿ ಬೇರೆ, ಅಧಿಕಾರಿ ಬೇರೆ. ಅಪರಾಧದ ಆರೋಪದ ಮೇಲೆ ಬಂಧಿಸಿದ್ದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಎಫ್‌ಐಆರ್ ಸಂಖ್ಯೆ ಬರೆದುಕೊಳ್ಳಿ.

2. ವಿನಾಯಿತಿ ಪಟ್ಟಿ ನೋಡಿ. 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶೀಯರ ಕಾಯ್ದೆ ಜಾರಿಯಲ್ಲಿದೆ. ಅದರ ಜೊತೆಗೇ ಬಂದ ಆದೇಶದಲ್ಲಿ ಕೆಲವರಿಗೆ ವಿನಾಯಿತಿ ಇದೆ: ನೋಂದಾಯಿತ ಟಿಬೆಟನ್ನರು, 2015ರ ಜನವರಿ 9ರೊಳಗೆ ಬಂದು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರು, 2024ರ ಡಿಸೆಂಬರ್ 31ರೊಳಗೆ ಬಂದ ಅಫ್ಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನಗಳ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರು. ಅಫ್ಘನ್ ಮುಸ್ಲಿಂ ಹುಡುಗಿಯೊಬ್ಬಳು, ಸುಡಾನಿನ ಹುಡುಗನೊಬ್ಬ ಈ ಪಟ್ಟಿಯಲ್ಲಿಲ್ಲ. ಅನ್ಯಾಯ ಎಂದೇ ನಾನು ಹೇಳುತ್ತೇನೆ. ಭಯಕ್ಕೆ ಧರ್ಮವಿಲ್ಲ.

3. ‘ವಾಪಸ್ ಹೋದರೆ ನನಗೆ ಅಪಾಯ’ ಎಂಬ ಮಾತು ಕಾಗದದ ಮೇಲೆ ಬರಲಿ. ಒಂಬತ್ತರಲ್ಲಿ ಒಂದನ್ನೇ ಮಾಡಲು ಸಾಧ್ಯವಾದರೆ ಇದನ್ನು ಮಾಡಿ. ಬಾಯಲ್ಲಿ ಹೇಳಿದ್ದು ಕಡತ ಸೇರುವುದಿಲ್ಲ, ಗಡಿಪಾರಿನ ಕಡತ ಮಾತ್ರ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ನಿರಾಶ್ರಿತರೆಂದು ಹೇಳಿಕೊಳ್ಳುವವರನ್ನು ಹೇಗೆ ವಿಚಾರಿಸಬೇಕು ಎಂದು ಕೇಂದ್ರ ಗೃಹ ಸಚಿವಾಲಯ 2011ರ ಡಿಸೆಂಬರ್‌ನಲ್ಲೇ ಕಾರ್ಯವಿಧಾನ ಹೊರಡಿಸಿ, 2019ರಲ್ಲಿ ಪರಿಷ್ಕರಿಸಿದೆ. ಜನಾಂಗ, ಧರ್ಮ, ಲಿಂಗ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯದಂಥ ಕಾರಣಕ್ಕೆ ಹಿಂಸೆಯ ಭಯವಿದೆ ಎಂದು ಮೇಲ್ನೋಟಕ್ಕೆ ಕಂಡರೆ ದೀರ್ಘಾವಧಿ ವೀಸಾಕ್ಕೆ ಶಿಫಾರಸು ಮಾಡಲು ಅದರಲ್ಲಿ ದಾರಿಯಿದೆ. ಹಣ ದುಡಿಯಲು ಬಂದವರಿಗೆ ಆ ದಾರಿ ಇಲ್ಲ. ಆದ್ದರಿಂದ ಯಾರ ಭಯ, ಏಕೆ ಭಯ, ಯಾವಾಗ ಏನಾಯಿತು ಎಂಬುದನ್ನು ತಾರೀಖು ಸಮೇತ ಅವರದೇ ಮಾತಿನಲ್ಲಿ ಬರೆಸಿ ಸಹಿ ಹಾಕಿಸಿ. ಬೆಂಗಳೂರಿನ ವಿದೇಶೀಯರ ಪ್ರಾದೇಶಿಕ ನೋಂದಣಿ ಕಚೇರಿಗೂ (ಎಫ್‌ಆರ್‌ಆರ್‌ಒ) ಬಂಧನ ಕೇಂದ್ರದ ಅಧಿಕಾರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ. ಒಂದೇ ಒಂದು ವಾಕ್ಯವನ್ನೂ ನೀವು ಹಿಗ್ಗಿಸಬೇಡಿ. ಒಂದು ಸುಳ್ಳು ಹೊರಬಿದ್ದರೆ ಉಳಿದ ನಿಜವನ್ನೂ ಯಾರೂ ನಂಬುವುದಿಲ್ಲ.

4. ಅವರ ದೇಶದ ರಾಯಭಾರ ಕಚೇರಿಗೆ ನೀವಾಗಿಯೇ ಫೋನ್ ಮಾಡಬೇಡಿ. ಒಳ್ಳೆಯ ಮನಸ್ಸಿನವರು ಮೊದಲು ಮಾಡುವ ಕೆಲಸವೇ ಇದು. ಆದರೆ ಅವರು ಓಡಿಬಂದಿರುವುದು ಆ ಸರ್ಕಾರದಿಂದಲೇ ಇರಬಹುದು. 1963ರ ವಿಯೆನ್ನಾ ಒಪ್ಪಂದದಂತೆ ರಾಯಭಾರ ಕಚೇರಿಯ ನೆರವು ಕೇಳುವುದು ಬಂಧಿತರ ಹಕ್ಕು. ಬೇಕೋ ಬೇಡವೋ ಅವರೇ ಹೇಳಲಿ. ದುಭಾಷಿಯ ವಿಷಯದಲ್ಲೂ ಇದೇ ಎಚ್ಚರ: ಅದೇ ದೇಶದವರನ್ನು ಕರೆತರುವ ಮುನ್ನ ಒಮ್ಮೆ ಕೇಳಿ.

5. ಉಚಿತ ವಕೀಲರನ್ನು ಕೇಳಿ ಪಡೆಯಿರಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಬಂಧನದಲ್ಲಿರುವವರಿಗೆ ನೆರವು ಕೊಡುತ್ತದೆ, ಅಲ್ಲಿ ‘ನಾಗರಿಕ’ ಎಂಬ ಷರತ್ತಿಲ್ಲ. ಸಹಾಯವಾಣಿ 15100. ಸೊಂಡೆಕೊಪ್ಪಕ್ಕೆ ಸಾಗಿಸಿದ್ದರೆ ಬೆಂಗಳೂರು ಗ್ರಾಮಾಂತರ ಜಿಲ್ಲಾ ಪ್ರಾಧಿಕಾರವನ್ನು ಸಂಪರ್ಕಿಸಿ.

6. ಜಾಮೀನು ಸಿಕ್ಕಿತೆಂದರೆ ಬಿಡುಗಡೆ ಎಂದಲ್ಲ. ಬಾಬುಲ್ ಖಾನ್ ಪ್ರಕರಣದಲ್ಲಿ 2020ರ ಮೇ ತಿಂಗಳಲ್ಲಿ ಕರ್ನಾಟಕ ಹೈಕೋರ್ಟ್ ಕೊಟ್ಟ ಮಾರ್ಗಸೂಚಿಯಂತೆ, ವೀಸಾ ಇಲ್ಲದ ವಿದೇಶೀಯರು ಜಾಮೀನಿನ ಮೇಲೆ ಜೈಲಿನಿಂದ ಹೊರಬಂದರೂ ಬಂಧನ ಕೇಂದ್ರಕ್ಕೇ ಹೋಗುತ್ತಾರೆ. ಅದಕ್ಕಾಗಿ ಜಾಮೀನು ಅರ್ಜಿಯ ಜೊತೆಜೊತೆಗೇ ವೀಸಾದ ಅರ್ಜಿಯೂ ನಡೆಯಬೇಕು.

7. ದೆಹಲಿಯ ವಿಶ್ವಸಂಸ್ಥೆ ನಿರಾಶ್ರಿತರ ಹೈಕಮಿಷನರ್ ಕಚೇರಿಗೆ ಬರೆಯಿರಿ. ಅಲ್ಲಿ ನೋಂದಣಿಗೆ ಕಾಸು ಕೊಡಬೇಕಿಲ್ಲ, ಕೇಳುವ ದಲ್ಲಾಳಿಯನ್ನು ದೂರವಿಡಿ. ಅವರ ಕಾರ್ಡು ವೀಸಾ ಅಲ್ಲ, ಆದರೂ ನ್ಯಾಯಾಲಯದ ಮುಂದೆ ಇಡಬಹುದಾದ ಆಧಾರ.

8. ವಕೀಲರ ಕೈಗೆ ಈ ಎರಡೂ ತೀರ್ಪು ಕೊಡಿ. 2021ರ ಏಪ್ರಿಲ್‌ನಲ್ಲಿ ರೋಹಿಂಗ್ಯಾಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕ್ರಮಬದ್ಧ ವಿಧಾನ ಅನುಸರಿಸದೆ ಗಡಿಪಾರು ಮಾಡುವಂತಿಲ್ಲ ಎಂದಿತು, ಆದರೆ ಗಡಿಪಾರನ್ನೇ ತಡೆಯಲಿಲ್ಲ. ಮರು ತಿಂಗಳೇ ಮಣಿಪುರ ಹೈಕೋರ್ಟ್, ಮಾನವ ಹಕ್ಕುಗಳ ವಕೀಲೆ ನಂದಿತಾ ಹಕ್ಸರ್ ಅರ್ಜಿಯ ಮೇಲೆ, ಮ್ಯಾನ್ಮಾರ್‌ನ ಏಳು ಜನರಿಗೆ ದೆಹಲಿಯ ನಿರಾಶ್ರಿತರ ಹೈಕಮಿಷನರ್ ಕಚೇರಿ ತಲುಪಲು ಸುರಕ್ಷಿತ ದಾರಿ ಕೊಟ್ಟಿತು. ಮೊದಲನೆಯದು ಕಠಿಣ, ಅದನ್ನು ಮುಚ್ಚಿಡಬೇಡಿ. ಸಂವಿಧಾನದ 21ನೇ ವಿಧಿ ಪ್ರತಿಯೊಬ್ಬ ವ್ಯಕ್ತಿಗೂ ಅನ್ವಯಿಸುತ್ತದೆ ಎಂಬುದನ್ನು ಎರಡೂ ಒಪ್ಪುತ್ತವೆ. ವಾದ ಅಲ್ಲಿಂದ ಶುರುವಾಗಲಿ.

9. ಭೇಟಿ ತಪ್ಪಿಸಬೇಡಿ. ಅನುಮತಿಗೆ ಮೊದಲೇ ಲಿಖಿತವಾಗಿ ಕೇಳಿ, ಗುರುತಿನ ಚೀಟಿ ಒಯ್ಯಿರಿ. ಔಷಧಿಯಾದರೆ ವೈದ್ಯರ ಚೀಟಿ ಸಮೇತ ಕೊಡಿ. ಅವರ ಭಾಷೆಯ ಪುಸ್ತಕ, ಮನೆಯವರ ಸುದ್ದಿ, ಪರೀಕ್ಷೆ ಬಾಕಿಯಿದ್ದರೆ ವಿಶ್ವವಿದ್ಯಾನಿಲಯದ ಪತ್ರ, ಇವೆಲ್ಲ ಬೇಕಾಗುತ್ತವೆ. ಪ್ರತಿ ಭೇಟಿಯ ನಂತರ ಆರೋಗ್ಯ, ಊಟ, ಯಾರು ಏನು ವಿಚಾರಿಸಿದರು ಎಂಬುದನ್ನು ಬರೆದಿಟ್ಟು ವಕೀಲರಿಗೆ ಕಳಿಸಿ. ‘ಬೇಗ ಬಿಡಿಸುತ್ತೇವೆ’ ಎಂಬ ಭರವಸೆ ಬೇಡ. ಮುಂದಿನ ಭೇಟಿಯ ತಾರೀಖು ಹೇಳಿ, ಅಂದು ಹೋಗಿ.